ತಂತಿ ಬರುವ ತನಕ

1956ರ ನವೆಂಬರ್ 1ರಂದು ಕನ್ನಡನಾಡು ಒಂದಾಯಿತು. ಅದೇ ದಿನ ಕನ್ನಡ ಜಿಲ್ಲೆಯೊಂದರ ಕೈಯಿಂದ ಐದು ದ್ವೀಪಗಳು ಬಿಟ್ಟುಹೋದವು. ಅಮಿನಿ, ಕಡಮತ್, ಕಿಲ್ತಾನ್, ಚೆಟ್ಲಾತ್, ಬಿತ್ರಾ. ಈ ಐದಕ್ಕೂ ಸೇರಿ ಅಮಿನ್‌ದಿವಿ ಎಂಬ ಹೆಸರು. ಹದಿನೆಂಟನೇ ಶತಮಾನದ ಕೊನೆಯಲ್ಲಿ ಟಿಪ್ಪುವಿನ ಆಡಳಿತಕ್ಕೆ ಬಂದಿದ್ದ ಇವು 1799ರ ನಂತರ ಈಸ್ಟ್ ಇಂಡಿಯಾ ಕಂಪನಿಯ ಕೈಸೇರಿದವು. ಮುಂದೆ ಒಂದೂವರೆ ಶತಮಾನ ಇವುಗಳ ಕಾಗದಪತ್ರವೆಲ್ಲ ನಡೆದದ್ದು ಮಂಗಳೂರಿನ ಕಲೆಕ್ಟರ್ ಕಚೇರಿಯಲ್ಲಿ. ದ್ವೀಪದವರು ತೆಂಗಿನ ನಾರಿನ ಹುರಿಯನ್ನು ಹಾಯಿದೋಣಿಗಳಲ್ಲಿ ಹೇರಿಕೊಂಡು ಮಂಗಳೂರಿಗೆ ಬರುತ್ತಿದ್ದರು. ಸರ್ಕಾರ ಅದನ್ನು ತಾನೇ ಕೊಂಡು ಬದಲಿಗೆ ಅಕ್ಕಿ ಕೊಡುತ್ತಿತ್ತು.

ರಾಜ್ಯಗಳ ಮರುವಿಂಗಡಣೆಯಲ್ಲಿ ದಕ್ಷಿಣ ಕನ್ನಡ ಜಿಲ್ಲೆ ಮದ್ರಾಸಿನಿಂದ ಮೈಸೂರು ರಾಜ್ಯಕ್ಕೆ ಬಂತು, ಕಾಸರಗೋಡು ಕೇರಳಕ್ಕೆ ಹೋಯಿತು. ಅಮಿನ್‌ದಿವಿಯು ಲಕ್ಕದಿವಿ ಮತ್ತು ಮಿನಿಕಾಯ್ ದ್ವೀಪಗಳ ಜೊತೆ ಸೇರಿ ಕೇಂದ್ರಾಡಳಿತ ಪ್ರದೇಶವಾಯಿತು. 1973ರಲ್ಲಿ ಅದಕ್ಕೆ ಲಕ್ಷದ್ವೀಪ ಎಂದು ಹೆಸರಿಟ್ಟರು. ಕಾಸರಗೋಡಿನ ನೋವು ಇಂದಿಗೂ ಮಾತಿಗೆ ಬರುತ್ತದೆ. ಸುಮಾರು ಮುನ್ನೂರು ಕಿಲೋಮೀಟರ್ ಆಚೆಯ ಕಡಲಿನಲ್ಲಿದ್ದ ಐದು ದ್ವೀಪಗಳ ಮಾತು ಅಪರೂಪ.

ಭಾಷೆಯ ವಿಷಯದಲ್ಲಿ ಈ ಬೇರ್ಪಡೆ ಸಹಜವೇ ಆಗಿತ್ತು. ಅಲ್ಲಿನ ಜನ ಆಡುವುದು ಮಲಯಾಳದ ಒಂದು ಬಗೆ. ಆದರೆ ಆ ದಿನದಿಂದ ಮುಂದೆ ಎರಡು ದಡಗಳ ಬದುಕು ಒಂದು ವಿಷಯದಲ್ಲಿ ಪೂರ್ತಿ ಬೇರೆ ದಾರಿ ಹಿಡಿಯಿತು. ಆ ವಿಷಯ ಕರೆಂಟು.

ಕರ್ನಾಟಕದಲ್ಲಿ ಕರೆಂಟು ಎಂದರೆ ಮೊದಲಿನಿಂದಲೂ ತಂತಿ. 1902ರಲ್ಲಿ ಶಿವನಸಮುದ್ರದಲ್ಲಿ ಹುಟ್ಟಿದ ವಿದ್ಯುತ್ತು ಸುಮಾರು 147 ಕಿಲೋಮೀಟರ್ ತಂತಿಯ ಮೇಲೆ ಸಾಗಿ ಕೋಲಾರದ ಚಿನ್ನದ ಗಣಿ ಸೇರಿತು. ಆ ಕಾಲಕ್ಕೆ ಜಗತ್ತಿನಲ್ಲೇ ಅತಿ ಉದ್ದದ ಸಾಲುಗಳಲ್ಲಿ ಅದೂ ಒಂದು. ತಂತಿಯ ಕೆಳಗಿದ್ದ ಹಳ್ಳಿಗಳಿಗೆ ಬೆಳಕು ಬರಲು ಇನ್ನೂ ಎಷ್ಟೋ ದಶಕ ಬೇಕಾಯಿತು. ಆದರೂ ಕಂಬ ಕಣ್ಣಿಗೆ ಕಾಣುತ್ತಿತ್ತು, ಒಂದಲ್ಲ ಒಂದು ದಿನ ಅದು ತಮ್ಮ ಮನೆ ಬಾಗಿಲಿಗೂ ಬರುತ್ತದೆ ಎಂಬ ನಂಬಿಕೆ ಇತ್ತು. ಜೋಗದಲ್ಲಿ ನೀರು ಬಿದ್ದರೆ ದೂರದ ಊರಿನಲ್ಲಿ ದೀಪ ಹತ್ತುತ್ತದೆ ಎಂಬುದು ಮಕ್ಕಳಿಗೂ ಗೊತ್ತಿದ್ದ ಸಂಗತಿ.

ಕಡಮತ್ ದ್ವೀಪದವರಿಗೆ ಆ ನಂಬಿಕೆಗೆ ಆಧಾರವೇ ಇರಲಿಲ್ಲ. ಸುತ್ತ ಆಳವಾದ ಸಮುದ್ರ. ಅಲ್ಲಿ ಕಂಬ ನೆಡುವಂತಿಲ್ಲ, ನೀರು ಬೀಳುವ ಜೋಗವಿಲ್ಲ, ಕಲ್ಲಿದ್ದಲಿಲ್ಲ. ತಂತಿ ಬರಲಾಗದ ಊರಿಗೆ ಕರೆಂಟು ಹೇಗೆ ಬರಬೇಕು? ಕಳೆದ ಅರವತ್ತು ವರ್ಷಗಳಲ್ಲಿ ಈ ಪ್ರಶ್ನೆಗೆ ಸಿಕ್ಕ ಉತ್ತರ ಎರಡು. ಮೊದಲನೆಯದು ಡೀಸೆಲ್. ಎರಡನೆಯದು ಬಿಸಿಲು. ಎರಡನ್ನೂ ಒಂದೇ ನೊಗಕ್ಕೆ ಕಟ್ಟುವ ಪ್ರಯತ್ನ ಈಗಲೂ ನಡೆದಿದೆ.

ಬ್ಯಾರೆಲ್ಲಿನಲ್ಲಿ ಬಂದ ಬೆಳಕು

ಲಕ್ಷದ್ವೀಪದಲ್ಲಿ ಮೊದಲು ಕರೆಂಟು ಕಂಡದ್ದು ದಕ್ಷಿಣದ ತುದಿಯ ಮಿನಿಕಾಯ್, 1962ರಲ್ಲಿ. ಎರಡು ವರ್ಷಗಳ ನಂತರ ಕವರತ್ತಿಗೆ ಬಂತು. ಆಡಳಿತದ ಕೇಂದ್ರ ಕೋಳಿಕೋಡಿನಿಂದ ಕವರತ್ತಿಗೆ ಸ್ಥಳಾಂತರವಾದದ್ದೂ 1964ರಲ್ಲೇ. ಉಳಿದ ದ್ವೀಪಗಳು ಒಂದೊಂದಾಗಿ ಬೆಳಗಿದವು. ಎಲ್ಲಕ್ಕಿಂತ ಚಿಕ್ಕದಾದ ಬಿತ್ರಾ ಮಾತ್ರ 1980ರ ದಶಕದವರೆಗೆ ಕಾಯಬೇಕಾಯಿತು.

ಎಲ್ಲ ಕಡೆಯೂ ಏರ್ಪಾಡು ಒಂದೇ. ಒಂದು ಪವರ್‌ಹೌಸ್, ಅದರೊಳಗೆ ಬೇರೆ ಬೇರೆ ಗಾತ್ರದ ಮೂರು ನಾಲ್ಕು ಡೀಸೆಲ್ ಜನರೇಟರು, ಅಲ್ಲಿಂದ ತೆಂಗಿನ ತೋಟಗಳ ನಡುವೆ ಮನೆಗಳಿಗೆ ಹೊರಟ ಲೈನು. ಒಂದು ದ್ವೀಪದ ಲೈನಿಗೂ ಇನ್ನೊಂದರ ಲೈನಿಗೂ ಸಂಬಂಧವಿಲ್ಲ. ಒಂದು ಕಡೆ ಜನರೇಟರು ಕೆಟ್ಟರೆ ಪಕ್ಕದ ದ್ವೀಪದಿಂದ ಒಂದು ಯುನಿಟ್ಟೂ ಸಾಲ ಸಿಗದು. ಇಂಥ ಪುಟ್ಟ, ಒಂಟಿ ವಿದ್ಯುತ್ ಜಾಲಕ್ಕೆ ಇಂದು ಮಿನಿ ಗ್ರಿಡ್ ಎನ್ನುತ್ತಾರೆ. ಆ ಹೆಸರು ಚಾಲ್ತಿಗೆ ಬರುವ ಎಷ್ಟೋ ಮೊದಲೇ ಲಕ್ಷದ್ವೀಪದ ಜನವಸತಿಯ ಹತ್ತೂ ದ್ವೀಪಗಳು ಹೀಗೆಯೇ ಬದುಕುತ್ತಿದ್ದವು.

ಡೀಸೆಲ್ ಬರುವುದು ಕೇರಳದ ಕರಾವಳಿಯಿಂದ, ಹಡಗಿನಲ್ಲಿ, ಬಹುಕಾಲ ಬ್ಯಾರೆಲ್ಲುಗಳಲ್ಲಿ. ದ್ವೀಪಗಳ ಸುತ್ತ ಹವಳದ ದಿಬ್ಬ ಇರುವುದರಿಂದ ದೊಡ್ಡ ಹಡಗು ದಡಕ್ಕೆ ಬರಲಾರದ ಕಡೆಗಳೇ ಹೆಚ್ಚು. ಅಲ್ಲಿ ಸರಕನ್ನು ದೋಣಿಗಿಳಿಸಿ ಸಾಗಿಸಬೇಕು. ಮೇ ಮಧ್ಯದಿಂದ ನಾಲ್ಕು ತಿಂಗಳು ಮುಂಗಾರಿನ ಕಡಲು. ಆ ತಿಂಗಳುಗಳಿಗೆ ಬೇಕಾದಷ್ಟು ಎಣ್ಣೆಯನ್ನು ಮೊದಲೇ ತಂದಿಟ್ಟುಕೊಳ್ಳಬೇಕು. ಮಲೆನಾಡಿನ ಮನೆಯವರು ಮಳೆಗಾಲಕ್ಕೆ ಸೌದೆ, ಹಪ್ಪಳ, ಉಪ್ಪಿನಕಾಯಿ ಕೂಡಿಡುತ್ತಿದ್ದ ಹಾಗೆ ದ್ವೀಪದ ಪವರ್‌ಹೌಸ್ ಡೀಸೆಲ್ ಕೂಡಿಡುತ್ತದೆ.

ಇಷ್ಟೆಲ್ಲ ಸುತ್ತುಬಳಸಿ ಬಂದ ಎಣ್ಣೆಯ ಬೆಲೆ ಕರೆಂಟಿನ ಬೆಲೆಯಾಗುತ್ತದೆ. ಒಳ್ಳೆಯ ಸ್ಥಿತಿಯ ಜನರೇಟರು ತುಂಬು ಹೊರೆಯಲ್ಲಿ ನಡೆದರೆ ಒಂದು ಯುನಿಟ್ಟಿಗೆ ಕಾಲು ಲೀಟರಿಗಿಂತ ತುಸು ಹೆಚ್ಚು ಡೀಸೆಲ್ ಕುಡಿಯುತ್ತದೆ. ಎಣ್ಣೆಯ ದರ, ಹಡಗಿನ ಬಾಡಿಗೆ, ಬಿಡಿಭಾಗ, ಸಂಬಳ ಎಲ್ಲ ಸೇರಿದರೆ ಒಂದು ಯುನಿಟ್ಟು ತಯಾರಿಸಲು ತಗಲುವ ಖರ್ಚು ಗ್ರಾಹಕ ಕಟ್ಟುವ ದರದ ಹಲವು ಪಟ್ಟು ಆಗುತ್ತದೆ. ನಡುವಿನ ಕೊರತೆಯನ್ನು ಕೇಂದ್ರ ಸರ್ಕಾರ ತುಂಬುತ್ತದೆ. ಹಾಗಾಗಿ ದ್ವೀಪದ ಮನೆಯಲ್ಲಿ ಸ್ವಿಚ್ಚು ಒತ್ತುವವರಿಗೆ ಆ ಖರ್ಚಿನ ಬಿಸಿ ನೇರವಾಗಿ ತಟ್ಟುವುದಿಲ್ಲ. ಅವರ ಪಾಲಿಗೆ ಇದು ಎಲ್ಲರ ಹಾಗೆ ಬರುವ ಸರ್ಕಾರಿ ಕರೆಂಟು. 1980ರ ದಶಕದಿಂದ ಅದು ಹಗಲೂ ರಾತ್ರಿಯೂ ಬರತೊಡಗಿತು.

ಕರೆಂಟು ಇಪ್ಪತ್ತನಾಲ್ಕು ಗಂಟೆ ಬಂದ ಮೇಲೆ ಬದುಕು ಅದಕ್ಕೆ ಒಗ್ಗಿಕೊಂಡಿತು. ಮೀನು ಕೆಡದಂತೆ ಐಸು ಬೇಕು, ಮನೆಗೆ ಫ್ರಿಜ್ಜು ಬೇಕು, ಆಸ್ಪತ್ರೆಗೆ ಯಂತ್ರಗಳು ಬೇಕು. ಕೊನೆಗೆ ಕುಡಿಯುವ ನೀರೂ ಆ ಸಾಲಿಗೆ ಸೇರಿತು. ಮರಳು ನೆಲದ ಕೆಳಗಿನ ತೆಳುವಾದ ಸಿಹಿನೀರಿನ ಪದರ ಸಾಲದೆ 2005ರಲ್ಲಿ ಕವರತ್ತಿಯಲ್ಲಿ ಕಡಲ ನೀರಿನ ಉಪ್ಪು ತೆಗೆಯುವ ಘಟಕ ಶುರುವಾಯಿತು. ದಿನಕ್ಕೆ ಒಂದು ಲಕ್ಷ ಲೀಟರ್ ಸಾಮರ್ಥ್ಯದ್ದು. ಆಳದ ತಣ್ಣೀರನ್ನು ಮೇಲೆತ್ತುವ ಅದರ ಪಂಪು ತಿರುಗಬೇಕಾದರೂ ಪವರ್‌ಹೌಸಿನ ಕರೆಂಟೇ ಬೇಕು. ಡೀಸೆಲ್ ಹಡಗು ಬರದಿದ್ದರೆ ಕತ್ತಲೆಯ ಜೊತೆಗೆ ಬಾಯಾರಿಕೆಯೂ ಬರುತ್ತದೆ ಎಂಬ ಹಂತಕ್ಕೆ ದ್ವೀಪ ತಲುಪಿತು.

ಶ್ರುತಿ ಹಿಡಿಯುವವರು ಯಾರು

ವರ್ಷದ ಬಹುಪಾಲು ಬಿಸಿಲು ಸುರಿಯುವ ಊರಿನಲ್ಲಿ ಸೌರ ಫಲಕ ಹಾಕಿದರೆ ಡೀಸೆಲ್ ಉಳಿಯುತ್ತದೆ ಎಂಬುದು ಯಾರಿಗಾದರೂ ಹೊಳೆಯುವ ವಿಚಾರ. 2000ದ ಆಸುಪಾಸಿನಲ್ಲಿ ಲಕ್ಷದ್ವೀಪದ ದ್ವೀಪಗಳಲ್ಲಿ ಅಂಥ ಸ್ಥಾವರಗಳನ್ನು ಹಾಕಿದ್ದೂ ಉಂಟು. ಐವತ್ತು, ನೂರು, ನೂರೈವತ್ತು ಕಿಲೋವ್ಯಾಟಿನ ಗಾತ್ರದವು. ಡೀಸೆಲ್ ಲೈನಿಗೇ ಸೌರ ವಿದ್ಯುತ್ತನ್ನು ಬೆರೆಸುವ ಭಾರತದ ಮೊದಲ ಪ್ರಯತ್ನಗಳಲ್ಲಿ ಇವೂ ಸೇರುತ್ತವೆ. ಆದರೂ ಡೀಸೆಲ್ ಹಡಗುಗಳು ನಿಲ್ಲಲಿಲ್ಲ. ಕಾರಣ ತಿಳಿಯಬೇಕಾದರೆ ಪವರ್‌ಹೌಸಿನ ಒಳಗೆ ಒಮ್ಮೆ ಇಣುಕಬೇಕು.

ಕಛೇರಿಯಲ್ಲಿ ಹಾಡುವವರಿಗೂ ಪಿಟೀಲಿನವರಿಗೂ ತಂಬೂರಿ ಶ್ರುತಿ ಕೊಡುತ್ತದೆ. ವಿದ್ಯುತ್ ಜಾಲದಲ್ಲಿ ಆ ಶ್ರುತಿ ಎಂದರೆ ಸೆಕೆಂಡಿಗೆ 50 ಆವರ್ತನ. ಜನರೇಟರಿನ ಭಾರವಾದ ಚಕ್ರ ಒಂದೇ ವೇಗದಲ್ಲಿ ತಿರುಗುತ್ತ ಅದನ್ನು ಹಿಡಿದಿಡುತ್ತದೆ. ಎಲ್ಲೋ ಪಂಪು ಚಾಲೂ ಆಗಿ ಹೊರೆ ಏರಿದರೆ ಚಕ್ರ ಕ್ಷಣಕಾಲ ನಿಧಾನವಾಗುತ್ತದೆ, ಕೂಡಲೇ ಯಂತ್ರ ಹೆಚ್ಚು ಎಣ್ಣೆ ಎಳೆದುಕೊಂಡು ವೇಗವನ್ನು ಸರಿಪಡಿಸುತ್ತದೆ. ಫಲಕಗಳ ವಿದ್ಯುತ್ತನ್ನು ಲೈನಿಗೆ ಹೊಂದಿಸಿ ಕೊಡುವ ಸಾಧನ ಇನ್ವರ್ಟರು. ಆ ಕಾಲದ ಸಾಮಾನ್ಯ ಇನ್ವರ್ಟರು ಸಹಗಾಯಕನ ಹಾಗೆ. ಶ್ರುತಿ ಕೇಳಿಸಿದರೆ ಮಾತ್ರ ದನಿ ಸೇರಿಸುತ್ತದೆ, ಶ್ರುತಿ ನಿಂತರೆ ತಾನೂ ನಿಲ್ಲುತ್ತದೆ. ಆದ್ದರಿಂದ ನಡುಹಗಲಿನ ಉರಿಬಿಸಿಲಿನಲ್ಲೂ ಒಂದು ಡೀಸೆಲ್ ಯಂತ್ರ ತಿರುಗುತ್ತಲೇ ಇರಬೇಕು.

ಹಾಗೆ ತಿರುಗುವ ಯಂತ್ರಕ್ಕೂ ತನ್ನದೇ ಹಟವಿದೆ. ಅದರ ಸಾಮರ್ಥ್ಯದ ಸುಮಾರು ಮೂವತ್ತು ಶೇಕಡಕ್ಕಿಂತ ಕಡಿಮೆ ಹೊರೆಯಲ್ಲಿ ಬಹಳ ಹೊತ್ತು ಓಡಿಸಿದರೆ ಒಳಗಿನ ಬಿಸಿ ಸಾಲದೆ ಎಣ್ಣೆ ಪೂರ್ತಿ ಉರಿಯುವುದಿಲ್ಲ. ಮಸಿ ಕಟ್ಟುತ್ತದೆ, ಹೊಗೆಗೊಳವೆಯಲ್ಲಿ ಜಿಡ್ಡು ಸೇರುತ್ತದೆ, ಯಂತ್ರದ ಆಯುಸ್ಸು ಕುಗ್ಗುತ್ತದೆ. ಬಿಸಿಲು ಹೆಚ್ಚಿದಷ್ಟೂ ಡೀಸೆಲ್ಲಿನ ಪಾಲು ಇಳಿಯುತ್ತ ಹೋಗಿ ಈ ಗೆರೆ ಮುಟ್ಟಿದಾಗ, ಬಿಸಿಲಿನ ವಿದ್ಯುತ್ತನ್ನೇ ಬೇಡವೆಂದು ತಡೆಯಬೇಕಾಗುತ್ತದೆ. ಇದರ ಮೇಲೆ ಮೋಡ. ಫಲಕಗಳ ಮೇಲೆ ಮೋಡ ಹಾದರೆ ಅರ್ಧ ನಿಮಿಷದಲ್ಲಿ ಉತ್ಪಾದನೆ ಪಾತಾಳಕ್ಕಿಳಿಯುತ್ತದೆ. ನಿಂತ ಜನರೇಟರನ್ನು ಚಾಲೂ ಮಾಡಿ ಹೊರೆ ಹೊರಿಸುವಷ್ಟು ವ್ಯವಧಾನ ಅಲ್ಲಿಲ್ಲ. ಹಾಗಾಗಿ ಆಪರೇಟರು ಮುನ್ನೆಚ್ಚರಿಕೆಯಿಂದ ಒಂದು ಯಂತ್ರವನ್ನು ಹೆಚ್ಚುವರಿಯಾಗಿ ಓಡಿಸುತ್ತಲೇ ಇರುತ್ತಾನೆ. ಉಳಿಯಬೇಕಾದ ಡೀಸೆಲ್ ಅಲ್ಲಿ ಉರಿದುಹೋಗುತ್ತದೆ.

ಈ ಗಂಟನ್ನು ಬಿಡಿಸುವುದು ಬ್ಯಾಟರಿ. ಮೋಡ ಹಾಯುವಾಗ ಅದು ಆಸರೆ ಕೊಡುತ್ತದೆ, ಸರಿಯಾದ ಇನ್ವರ್ಟರಿನ ಜೊತೆ ಸೇರಿದರೆ ಶ್ರುತಿಯನ್ನೂ ತಾನೇ ಹಿಡಿಯುತ್ತದೆ. ಆಗ ಡೀಸೆಲ್ ಯಂತ್ರವನ್ನು ನಿಜವಾಗಿ ಆರಿಸಿ ತಣ್ಣಗೆ ಕೂರಿಸಬಹುದು. ಆದರೆ ಅಂದಿನ ಸೀಸ-ಆಮ್ಲದ ಬ್ಯಾಟರಿಗಳು ದುಬಾರಿ, ಬಿಸಿ ಹವೆಯಲ್ಲಿ ಬೇಗ ಸೊರಗುವಂಥವು. ಜೊತೆಗೆ ಉಪ್ಪುಗಾಳಿ ಚೌಕಟ್ಟನ್ನೂ ಬೋಲ್ಟನ್ನೂ ತಿನ್ನುತ್ತದೆ. ಎಲ್ಲಕ್ಕಿಂತ ಮಿಗಿಲಾಗಿ ಜಾಗವಿಲ್ಲ. ಲಕ್ಷದ್ವೀಪದ ನೆಲವೆಲ್ಲ ಕೂಡಿದರೂ ಸುಮಾರು 32 ಚದರ ಕಿಲೋಮೀಟರ್. 2011ರ ಜನಗಣತಿಯ ಪ್ರಕಾರ ಅದರ ಮೇಲೆ ಅರವತ್ತನಾಲ್ಕು ಸಾವಿರಕ್ಕೂ ಹೆಚ್ಚು ಜನ. ಫಲಕ ಹಾಸಬೇಕಾದರೆ ಯಾರದೋ ತೆಂಗಿನ ಮರ ಬೀಳಬೇಕು. ಹೀಗಾಗಿ ಲಕ್ಷದ್ವೀಪದಲ್ಲಿ ಬಿಸಿಲು ಬಹುಕಾಲ ಡೀಸೆಲ್ಲಿನ ಮನೆಗೆ ಬಂದುಹೋಗುವ ನೆಂಟನಾಗಿಯೇ ಉಳಿಯಿತು.

ಬಿಸಿಲನ್ನೇ ಮನೆಯ ಯಜಮಾನನನ್ನಾಗಿ ಮಾಡಿದ ಪ್ರಯೋಗವೂ ಅದೇ ಕಾಲದಲ್ಲಿ ದೇಶದ ಇನ್ನೊಂದು ದ್ವೀಪದಲ್ಲಿ ನಡೆಯುತ್ತಿತ್ತು. ಅಲ್ಲಿಗೆ ತಂತಿ ಬರುವುದು ಕಷ್ಟವಾಗಿತ್ತು, ಅಸಾಧ್ಯವಾಗಿರಲಿಲ್ಲ. ಆ ಒಂದು ವ್ಯತ್ಯಾಸವೇ ಅಲ್ಲಿನ ಕಥೆಯನ್ನು ತಿರುಗಿಸಿತು.

ಸಾಗರದ್ವೀಪದ ಆರು ಗಂಟೆಯ ದೀಪ

ಮಕರ ಸಂಕ್ರಾಂತಿಯಂದು ಲಕ್ಷಾಂತರ ಜನ ಮೀಯಲು ಹೋಗುವ ಗಂಗಾಸಾಗರ ಇರುವುದು ಕೋಲ್ಕತ್ತದ ದಕ್ಷಿಣಕ್ಕೆ ಸುಮಾರು ನೂರು ಕಿಲೋಮೀಟರ್ ದೂರದ ಸಾಗರದ್ವೀಪದಲ್ಲಿ. ಮೇಳದ ನಾಲ್ಕು ದಿನ ಕಳೆದರೆ ಅದು ಭತ್ತ, ವೀಳ್ಯದೆಲೆ, ಮೀನು ನಂಬಿದ ಹಳ್ಳಿಗಳ ದ್ವೀಪ. 2001ರಲ್ಲಿ ಅಲ್ಲಿನ ಜನಸಂಖ್ಯೆ ಒಂದು ಲಕ್ಷ ಎಂಬತ್ತೈದು ಸಾವಿರ. ಮುಖ್ಯಭೂಮಿಗೂ ದ್ವೀಪಕ್ಕೂ ನಡುವೆ ಮುರಿಗಂಗಾ ನದಿ. ದಾಟಬೇಕಾದರೆ ಕಾಕದ್ವೀಪದ ಬಳಿಯಿಂದ ಕಚುಬೇಡಿಯಾಕ್ಕೆ ದೋಣಿ ಹಿಡಿಯಬೇಕು. ನದಿ ಅಗಲವಾಗಿದೆ, ನೆಲ ಮೆತ್ತಗಿದೆ, ಚಂಡಮಾರುತ ಹಾಯುವ ದಾರಿ ಅದು. ವಿದ್ಯುತ್ ಕಂಬಗಳು ನದಿಯ ಆಚೆ ದಡದಲ್ಲೇ ನಿಂತಿದ್ದವು.

ದ್ವೀಪದ ನಡುಭಾಗದ ರುದ್ರನಗರದ ಸುತ್ತಮುತ್ತ ಸರ್ಕಾರಿ ಡೀಸೆಲ್ ಜನರೇಟರಿನಿಂದ ಸಂಜೆ ಕೆಲವು ಗಂಟೆ ಕರೆಂಟು ಸಿಗುತ್ತಿತ್ತು. ಪೇಟೆಗಳಲ್ಲಿ ಖಾಸಗಿಯವರು ಚಿಕ್ಕ ಜನರೇಟರಿಟ್ಟು ಬಲ್ಬಿಗೆ ಇಷ್ಟು ಎಂದು ದುಡ್ಡು ಪಡೆದು ಅಂಗಡಿಗಳಿಗೆ ಬೆಳಕು ಮಾರುತ್ತಿದ್ದರು. ಮಿಕ್ಕ ಹಳ್ಳಿಗಳಿಗೆ ಸೀಮೆಎಣ್ಣೆಯ ಬುಡ್ಡಿಯೇ ಗತಿ.

1993ರಲ್ಲಿ ಪಶ್ಚಿಮ ಬಂಗಾಳ ಸರ್ಕಾರ ನವೀಕರಿಸಬಹುದಾದ ಇಂಧನಕ್ಕೆಂದೇ ಒಂದು ಸಂಸ್ಥೆ ಕಟ್ಟಿತು. ಅದರ ಚುಕ್ಕಾಣಿ ಹಿಡಿದ ಎಂಜಿನಿಯರ್ ಎಸ್.ಪಿ. ಗೊನ್ ಚೌಧುರಿ ಸುಂದರಬನದ ದ್ವೀಪಗಳತ್ತ ಗಮನ ಹರಿಸಿದರು. 1996ರಲ್ಲಿ ಸಾಗರದ್ವೀಪದ ಕಮಲಪುರದಲ್ಲಿ 26 ಕಿಲೋವ್ಯಾಟಿನ ಸೌರ ಸ್ಥಾವರ ಶುರುವಾಯಿತು. ಹಗಲೆಲ್ಲ ಫಲಕಗಳು ಬ್ಯಾಟರಿ ತುಂಬುತ್ತವೆ, ಸಂಜೆ ಆರರ ಹೊತ್ತಿಗೆ ಆಪರೇಟರು ಸ್ವಿಚ್ಚು ಹಾಕುತ್ತಾನೆ, ಲೈನಿನ ಮೇಲೆ ಮನೆಮನೆಗೆ ಕರೆಂಟು ಹರಿಯುತ್ತದೆ, ಐದಾರು ಗಂಟೆಯ ನಂತರ ನಿಲ್ಲುತ್ತದೆ. ಮೃತ್ಯುಂಜಯನಗರ, ಖಾಸಮಹಲ್, ಮಹೇಂದ್ರಗಂಜ್ ಹೀಗೆ ಒಂದರ ಹಿಂದೆ ಒಂದು ಇಂಥವೇ ಸ್ಥಾವರಗಳು ಎದ್ದವು. ಗಂಗಾಸಾಗರದಲ್ಲಿ ಗಾಳಿಯಂತ್ರಕ್ಕೆ ಡೀಸೆಲ್ ಜೋಡಿಸಿದ ಸ್ಥಾವರವೂ ಬಂತು. ಪೂರ್ವದ ಗೊಸಾಬಾ ದ್ವೀಪದಲ್ಲಿ 1997ರಲ್ಲಿ ಸೌದೆಯ ಅನಿಲವನ್ನು ಡೀಸೆಲ್ ಜೊತೆ ಉರಿಸುವ 500 ಕಿಲೋವ್ಯಾಟಿನ ಸ್ಥಾವರ ಚಾಲೂ ಆಯಿತು.

26 ಕಿಲೋವ್ಯಾಟ್ ಎಷ್ಟು ಸಣ್ಣದು ಎಂಬುದಕ್ಕೆ ಒಂದು ಹೋಲಿಕೆ ಸಾಕು. ಇಂದು ಪುಣೆಯದೋ ಚೆನ್ನೈನದೋ ಒಂದು ಅಪಾರ್ಟ್‌ಮೆಂಟಿನಲ್ಲಿ ಹದಿನೈದು ಇಪ್ಪತ್ತು ಮನೆಯವರು ಒಟ್ಟಿಗೆ ಏಸಿ ಹಾಕಿದರೆ ಅಷ್ಟು ಮುಗಿದುಹೋಗುತ್ತದೆ. ಕಮಲಪುರದಲ್ಲಿ ಅಷ್ಟರಿಂದಲೇ ನೂರಕ್ಕೂ ಮೀರಿದ ಮನೆ ಮತ್ತು ಅಂಗಡಿಗಳಿಗೆ ಬೆಳಕು ಕೊಡಬೇಕಿತ್ತು. ಅದಕ್ಕೆ ಕಟ್ಟುಪಾಡು ಬೇಕಾಯಿತು. ಯಂತ್ರಕ್ಕಿಂತ ಈ ಕಟ್ಟುಪಾಡೇ ಸಾಗರದ್ವೀಪದ ನಿಜವಾದ ಆವಿಷ್ಕಾರ. ಪ್ರತಿ ಮನೆಗೆ ಮೂರು ಪಾಯಿಂಟೋ ಐದು ಪಾಯಿಂಟೋ ಎಂದು ನಿಗದಿ ಮಾಡಿದರು. ಮೀಟರ್ ಇಲ್ಲ, ಪಾಯಿಂಟಿನ ಲೆಕ್ಕದಲ್ಲಿ ತಿಂಗಳಿಗಿಷ್ಟು ಎಂಬ ದರ. ಹಣ ಎತ್ತುವುದು, ತಕರಾರು ಕೇಳುವುದು, ಹೊಸ ಸಂಪರ್ಕ ಯಾರಿಗೆ ಎಂದು ತೀರ್ಮಾನಿಸುವುದು ಇದೆಲ್ಲ ಬಳಕೆದಾರರ ಸಮಿತಿಯ ಕೆಲಸ. ಅದಕ್ಕೊಂದು ಗ್ರಾಮೀಣ ಇಂಧನ ಸಹಕಾರ ಸಂಘವೂ ಹುಟ್ಟಿತು.

ಕೆಲವು ವರ್ಷ ಇದು ನಡೆಯಿತು, ಚೆನ್ನಾಗಿಯೇ ನಡೆಯಿತು. ಬೆಳಕಿದ್ದುದರಿಂದ ಅಂಗಡಿಗಳು ರಾತ್ರಿ ಹೆಚ್ಚು ಹೊತ್ತು ತೆರೆದಿದ್ದವು, ಮಕ್ಕಳು ಹೊಗೆಯಿಲ್ಲದ ದೀಪದಡಿ ಓದಿದರು. ದೇಶವಿದೇಶಗಳ ಅಧಿಕಾರಿಗಳು, ಸಂಶೋಧಕರು ದೋಣಿ ಹತ್ತಿ ನೋಡಲು ಬಂದರು. ಅವರಲ್ಲಿ ನಾರ್ವೆಯ ಕರ್ಸ್ಟನ್ ಉಲ್ಸ್ರುಡ್ ಮತ್ತು ಅವರ ಭಾರತೀಯ, ಯುರೋಪಿಯನ್ ಜೊತೆಗಾರರು ಸುಂದರಬನದ ಸ್ಥಾವರಗಳ ಬಗ್ಗೆ 2011ರಲ್ಲಿ ಪ್ರಕಟಿಸಿದ ಅಧ್ಯಯನ ಒಳಗಿನ ಬಿರುಕುಗಳನ್ನೂ ಎತ್ತಿ ತೋರಿಸಿತು.

ಬಿರುಕು ಹುಟ್ಟಿದ್ದು ಆಸೆಯಿಂದ, ಅದೂ ತೀರ ನ್ಯಾಯವಾದ ಆಸೆಯಿಂದ. ಮೂರು ದೀಪ ಬಂದ ಮನೆಗೆ ಟೀವಿ ಬೇಕೆನಿಸಿತು. ಟೀವಿ ಬಂದ ಮನೆಗೆ ಫ್ಯಾನು ಬೇಕೆನಿಸಿತು. ಮೀಟರ್ ಇಲ್ಲದ ಕಡೆ ನಾಲ್ಕನೆಯ ಪಾಯಿಂಟು ಎಳೆದುಕೊಂಡರೆ ಬಿಲ್ಲು ಏರುವುದಿಲ್ಲ. ಆದರೆ ಬ್ಯಾಟರಿಗೆ ಅದು ಗೊತ್ತಾಗುತ್ತದೆ. ರಾತ್ರಿ ಹನ್ನೊಂದಕ್ಕೆ ಮುಗಿಯಬೇಕಾದ ಕರೆಂಟು ಬೇಗನೆ ಮುಗಿಯತೊಡಗಿತು. ತಪ್ಪಿತಸ್ಥನ ಸಂಪರ್ಕ ಕಡಿಯಬೇಕಾದವರು ಸಮಿತಿಯವರು. ಅವರೂ ಅದೇ ಊರಿನವರು, ಅದೇ ಮನೆಗೆ ನೆಂಟರು, ನಾಳೆ ಅದೇ ಗದ್ದೆಯ ಬದುವಿನ ಮೇಲೆ ಎದುರಾಗಬೇಕಾದವರು. ತಂತಿ ಕತ್ತರಿಸುವ ಕೈ ಹಿಂಜರಿಯಿತು.

ಎರಡನೆಯ ಬಿರುಕು ಇನ್ನೂ ಆಳದ್ದು. ಇಂಥ ಬ್ಯಾಟರಿ ಕೆಲವೇ ವರ್ಷಗಳಲ್ಲಿ ಬದಲಿಸಬೇಕಾದ ವಸ್ತು. ತಿಂಗಳ ವಂತಿಗೆಯಲ್ಲಿ ಆಪರೇಟರಿನ ಸಂಬಳ, ಸಣ್ಣಪುಟ್ಟ ರಿಪೇರಿ ಸಾಗಬಹುದು. ಇಡೀ ಕೋಣೆಯ ಬ್ಯಾಟರಿಗಳನ್ನು ಒಮ್ಮೆಗೇ ಕೊಳ್ಳುವಷ್ಟು ಹಣ ಅದರಿಂದ ಕೂಡುವುದಿಲ್ಲ. ಮೊದಲ ಬಾರಿ ಸರ್ಕಾರ ಕೊಟ್ಟಿತ್ತು. ಎರಡನೆಯ ಬಾರಿ ಯಾರು ಕೊಡಬೇಕು? ನದಿಯ ಆಚೆ ದಡದಲ್ಲಿ ಕಂಬಗಳು ಕಾಣುತ್ತಿರುವಾಗ ಯಾರು ತಾನೇ ಕೊಟ್ಟಾರು?

ಅಸಲಿ ಕರೆಂಟು

ಅದೇ ವರ್ಷಗಳಲ್ಲಿ ದಿಲ್ಲಿಯಲ್ಲಿ ಗಾಳಿ ಬದಲಾಗಿತ್ತು. 2003ರ ವಿದ್ಯುತ್ ಕಾಯ್ದೆ ಗ್ರಾಮೀಣ ಪ್ರದೇಶಗಳಲ್ಲಿ ಲೈಸೆನ್ಸಿಲ್ಲದೆ ಕರೆಂಟು ತಯಾರಿಸಿ ಹಂಚಲು ದಾರಿ ತೆರೆಯಿತು. ಮಿನಿ ಗ್ರಿಡ್ಡುಗಳಿಗೆ ಇದು ವರದಾನವಾಗಬೇಕಿತ್ತು. ಎರಡೇ ವರ್ಷದಲ್ಲಿ, 2005ರಲ್ಲಿ, ರಾಜೀವ್ ಗಾಂಧಿ ಗ್ರಾಮೀಣ ವಿದ್ಯುದೀಕರಣ ಯೋಜನೆ ಬಂತು. ಹಳ್ಳಿಹಳ್ಳಿಗೆ ತಂತಿ ಎಳೆಯುವ ಭಾರಿ ಕಾರ್ಯಕ್ರಮ ಅದು. ಒಂದು ಕೈ ಪುಟ್ಟ ಸ್ಥಾವರಗಳನ್ನು ಕರೆಯುತ್ತಿತ್ತು, ಇನ್ನೊಂದು ಕೈ ಅವುಗಳ ಕಾಲಡಿಯ ನೆಲವನ್ನು ಎಳೆಯುತ್ತಿತ್ತು.

2010ರ ದಶಕದ ಆರಂಭದಲ್ಲಿ ಮುರಿಗಂಗಾ ನದಿಯ ಮೇಲೆ ಎತ್ತರದ ಗೋಪುರಗಳಿಂದ ತಂತಿ ದಾಟಿ ಸಾಗರದ್ವೀಪಕ್ಕೆ ಬಂತು. ರಾತ್ರಿ ಹಗಲು ಬರುವ, ಫ್ಯಾನು ಟೀವಿ ಎರಡನ್ನೂ ತಡೆಯುವ, ದರವೂ ಕಡಿಮೆಯಿರುವ ಕರೆಂಟು ಅದು. ಸೌರ ಸ್ಥಾವರಗಳ ಗ್ರಾಹಕರು ಒಬ್ಬೊಬ್ಬರಾಗಿ ಅತ್ತ ಹೊರಳಿದರು. ಸಂಜೆ ಆರಕ್ಕೆ ಸ್ವಿಚ್ಚು ಹಾಕುವ ಆಪರೇಟರಿಗಾಗಿ ಕಾಯುವವರು ಯಾರೂ ಉಳಿಯಲಿಲ್ಲ.

ಸಾಗರದ್ವೀಪದಲ್ಲಿ ಸದ್ದಿಲ್ಲದೆ ಆದದ್ದು ಬಿಹಾರದಲ್ಲಿ ಗಟ್ಟಿ ದನಿಯಲ್ಲಿ ಆಯಿತು. ಜಹಾನಾಬಾದ್ ಜಿಲ್ಲೆಯ ಧರ್ನಾಯಿ ಹಳ್ಳಿ ಮೂರು ದಶಕಗಳಿಗೂ ಹೆಚ್ಚು ಕಾಲ ಕತ್ತಲಲ್ಲಿತ್ತು. 2014ರ ಜುಲೈಯಲ್ಲಿ ಗ್ರೀನ್‌ಪೀಸ್ ಮತ್ತು ಇತರ ಸಂಸ್ಥೆಗಳು ಸೇರಿ ಅಲ್ಲಿ 100 ಕಿಲೋವ್ಯಾಟಿನ ಸೌರ ಮಿನಿ ಗ್ರಿಡ್ ಕಟ್ಟಿದವು. ಕೆಲವೇ ತಿಂಗಳ ಹಿಂದೆ ಮುಖ್ಯಮಂತ್ರಿ ಹುದ್ದೆ ಬಿಟ್ಟಿದ್ದ ನಿತೀಶ್ ಕುಮಾರ್ ಅದನ್ನು ನೋಡಲು ಬಂದಾಗ ಊರಿನ ಕೆಲವರು ಒಂದೇ ಬೇಡಿಕೆ ಕೂಗಿದರು. ತಮಗೆ ಬೇಕಾದದ್ದು ಅಸಲಿ ಬಿಜಲಿ, ನಕಲಿಯಲ್ಲ ಎಂದು. ಅಸಲಿ ಎಂದರೆ ತಂತಿಯಲ್ಲಿ ಬರುವುದು. ಬೇಗನೆ ಅದೂ ಬಂತು. ಸೌರ ಕರೆಂಟಿಗಿಂತ ಎಷ್ಟೋ ಅಗ್ಗವಾಗಿ ಬಂತು. ಕೆಲವು ವರ್ಷಗಳ ನಂತರ ಹೋದ ಪತ್ರಕರ್ತರಿಗೆ ಕಂಡದ್ದು ಕೆಟ್ಟು ಕುಳಿತ ಸ್ಥಾವರ, ಅದರ ಆವರಣದಲ್ಲಿ ಕಟ್ಟಿದ ದನಗಳು.

ಆ ಕೂಗನ್ನು ಅಜ್ಞಾನ ಎನ್ನುವುದು ಸುಲಭ. ಆದರೆ ಧರ್ನಾಯಿಯವರ ಲೆಕ್ಕ ಸರಿಯಾಗಿತ್ತು. ಪಟ್ಟಣದವನಿಗೆ ಬೇಕಾದಷ್ಟು ಕರೆಂಟು, ಅದೂ ಸಬ್ಸಿಡಿಯ ದರದಲ್ಲಿ. ಹಳ್ಳಿಯವನಿಗೆ ಎಣಿಸಿಕೊಟ್ಟ ಕರೆಂಟು, ಅದೂ ಹೆಚ್ಚಿನ ದರದಲ್ಲಿ. ಬಿಸಿಲಿನ ಕರೆಂಟನ್ನು ಅವರು ನಕಲಿ ಎಂದದ್ದು ಅದರ ಮೂಲಕ್ಕಾಗಿ ಅಲ್ಲ, ಅದರ ಅಳತೆಗಾಗಿ. ಕವರತ್ತಿಯ ಡೀಸೆಲ್ ಕರೆಂಟನ್ನು ಯಾರೂ ನಕಲಿ ಎನ್ನಲಿಲ್ಲ. ಅದು ಕೂಡ ಒಂದು ಪುಟ್ಟ ಜಾಲದ ಕರೆಂಟೇ. ಆದರೆ ಅಲ್ಲಿ ಸರ್ಕಾರ ಕೊರತೆ ತುಂಬುತ್ತಿತ್ತು, ಬಳಕೆ ಏರಿದಂತೆ ಇನ್ನೊಂದು ಜನರೇಟರು ತರುತ್ತಿತ್ತು.

ಈ ಪಾಠ ನಿಧಾನವಾಗಿಯಾದರೂ ಕೆಲವರಿಗೆ ಮುಟ್ಟಿತು. 2016ರಲ್ಲಿ ಉತ್ತರ ಪ್ರದೇಶ ಮಿನಿ ಗ್ರಿಡ್ಡುಗಳಿಗೆಂದೇ ನೀತಿ ರೂಪಿಸಿ, ತಂತಿ ಬಂದ ಮೇಲೆ ಸ್ಥಾವರದ ಗತಿಯೇನು ಎಂಬುದನ್ನು ಮುಂಚಿತವಾಗಿ ಬರೆದಿಟ್ಟಿತು. ಅಷ್ಟರಲ್ಲಿ ತಂತಿ ಎಲ್ಲ ಕಡೆ ಹಬ್ಬುತ್ತಿತ್ತು. 2018ರ ಏಪ್ರಿಲ್ 28ರಂದು ಮಣಿಪುರದ ಲೈಸಾಂಗ್ ಹಳ್ಳಿಗೆ ಕರೆಂಟು ಮುಟ್ಟಿದಾಗ ದೇಶದ ಎಲ್ಲ ಹಳ್ಳಿಗಳೂ ವಿದ್ಯುದೀಕರಣಗೊಂಡವು ಎಂದು ಕೇಂದ್ರ ಸರ್ಕಾರ ಘೋಷಿಸಿತು.

ತಂತಿಯ ಭರವಸೆಗೂ ಒಂದು ಮಿತಿಯಿದೆ ಎಂಬುದನ್ನು ಸುಂದರಬನ 2020ರ ಮೇ 20ರಂದು ಕಂಡಿತು. ಅಂಫನ್ ಚಂಡಮಾರುತ ಕಂಬಗಳನ್ನು ಸಾಲಾಗಿ ಕೆಡವಿತು. ಎಷ್ಟೋ ಊರುಗಳಲ್ಲಿ ವಾರಗಟ್ಟಲೆ ಕರೆಂಟಿರಲಿಲ್ಲ. ಊರೊಳಗೇ ಹುಟ್ಟಿ ಊರೊಳಗೇ ಮುಗಿಯುವ ಪುಟ್ಟ ಜಾಲಗಳು ನೆರವಿಗೆ ಬರಬೇಕಾಗಿದ್ದ ಹೊತ್ತು ಅದು. ಅವುಗಳ ಬ್ಯಾಟರಿಗಳು ಯಾವಾಗಲೋ ಸತ್ತಿದ್ದವು.

ತಂತಿಯ ಆಸೆಯೇ ಇಲ್ಲದ ಊರು

ತಂತಿ ಎಂದೂ ಬರುವುದಿಲ್ಲ ಎಂದು ಖಚಿತವಾದ ಊರು ಹೇಗೆ ನಡೆದುಕೊಳ್ಳುತ್ತದೆ? ಪೆಸಿಫಿಕ್ ಸಾಗರದಲ್ಲಿ ನ್ಯೂಜಿಲೆಂಡಿನ ಆಡಳಿತಕ್ಕೆ ಸೇರಿದ ಟೊಕೆಲಾವ್ ಎಂಬ ಮೂರು ಹವಳದ್ವೀಪಗಳಿವೆ. ಅಟಾಫು, ನುಕುನೊನು, ಫಕಾಓಫೊ. ನೆಲ ಸುಮಾರು ಹತ್ತು ಹನ್ನೆರಡು ಚದರ ಕಿಲೋಮೀಟರ್, ಜನ ಸಾವಿರದ ನಾನೂರರ ಆಸುಪಾಸು. ವಿಮಾನ ಇಳಿಯುವ ಜಾಗವಿಲ್ಲ, ಸಮೋವಾದಿಂದ ಹಡಗಿನಲ್ಲಿ ಒಂದು ದಿನಕ್ಕೂ ಹೆಚ್ಚಿನ ಪ್ರಯಾಣ. ಲಕ್ಷದ್ವೀಪದ ಚಿಕ್ಕ ತಮ್ಮನ ಹಾಗೆ ಅಲ್ಲೂ ತೆಂಗು, ಮೀನು, ಬ್ಯಾರೆಲ್ಲಿನಲ್ಲಿ ಬರುವ ಡೀಸೆಲ್.

2012ರಲ್ಲಿ ನ್ಯೂಜಿಲೆಂಡಿನ ಹಣದ ನೆರವಿನಿಂದ ಮೂರೂ ದ್ವೀಪಗಳಲ್ಲಿ 4,032 ಸೌರ ಫಲಕ, 1,344 ಬ್ಯಾಟರಿ ಕೂರಿಸಿದರು. ಡೀಸೆಲ್ ಜನರೇಟರುಗಳನ್ನು ಎಸೆಯಲಿಲ್ಲ. ಮೋಡ ಮುಸುಕಿದ ದಿನಗಳಿಗೆಂದು ಇಟ್ಟುಕೊಂಡರು. ಬಹುತೇಕ ಪೂರ್ತಿ ವಿದ್ಯುತ್ತನ್ನು ಬಿಸಿಲಿನಿಂದ ಪಡೆಯುವ ಮೊದಲ ನಾಡು ಎಂದು ಟೊಕೆಲಾವ್ ಜಗತ್ತಿನ ಸುದ್ದಿಯಾಯಿತು. ಅಲ್ಲಿ ಶ್ರುತಿ ಹಿಡಿದದ್ದು ಬ್ಯಾಟರಿ, ಜನರೇಟರು ಸಹಗಾಯಕ.

ಮುಂದಿನ ವರ್ಷಗಳಲ್ಲಿ ಅಲ್ಲೂ ಕಮಲಪುರದ ಕಥೆಯೇ ಮರುಕಳಿಸಿತು. ಕರೆಂಟು ಧಾರಾಳವಾಗಿ ಸಿಕ್ಕಿದ್ದರಿಂದ ಮನೆಗಳಿಗೆ ಫ್ರೀಜರು, ಇತರ ಯಂತ್ರಗಳು ಬಂದವು. ಬೇಡಿಕೆ ಏರಿತು, ಡೀಸೆಲ್ ಮತ್ತೆ ಹೆಚ್ಚು ಉರಿಯತೊಡಗಿತು. ಆದರೆ ಅಲ್ಲಿ ಯಾರೂ ಸ್ಥಾವರವನ್ನು ಕೈಬಿಡಲಿಲ್ಲ. ಹೊಸ ಫಲಕ, ಹೊಸ ಬ್ಯಾಟರಿಗೆ ಯೋಜನೆ ಹಾಕಿದರು. ಬೇರೆ ದಾರಿ ಇರಲಿಲ್ಲವಾದ್ದರಿಂದ ಇರುವುದನ್ನೇ ದೊಡ್ಡದು ಮಾಡಿದರು.

ಎರಡೂ ಕಡೆ ಬಿಸಿಲು ಒಂದೇ, ಬ್ಯಾಟರಿಯ ಆಯುಸ್ಸೂ ಹೆಚ್ಚುಕಡಿಮೆ ಒಂದೇ, ಮನುಷ್ಯರ ಆಸೆಯೂ ಒಂದೇ. ಸಾಗರದ್ವೀಪದ ಸ್ಥಾವರವನ್ನು ಕಟ್ಟಿದವರೂ ಬಳಸಿದವರೂ ತಂತಿ ಬರುವ ತನಕದ ಏರ್ಪಾಡು ಎಂದೇ ಅದನ್ನು ನೋಡಿದರು. ತಂಗಲು ಹಾಕಿದ ಚಪ್ಪರಕ್ಕೆ ಯಾರೂ ಹೆಂಚು ಹೊದಿಸುವುದಿಲ್ಲ.

ಕವರತ್ತಿ, 2024

2024ರ ಜನವರಿ 3ರಂದು ಪ್ರಧಾನಿ ನರೇಂದ್ರ ಮೋದಿ ಕವರತ್ತಿಯಲ್ಲಿ ಹಲವು ಯೋಜನೆಗಳನ್ನು ಉದ್ಘಾಟಿಸಿದರು. ಅವುಗಳಲ್ಲಿ ಮೂರು ಈ ಕಥೆಗೆ ಸೇರಿದವು.

ಒಂದು, ಕೊಚ್ಚಿಯಿಂದ ದ್ವೀಪಗಳಿಗೆ ಸಮುದ್ರದ ತಳದಲ್ಲಿ ಎಳೆದ 1,868 ಕಿಲೋಮೀಟರ್ ಉದ್ದದ ಆಪ್ಟಿಕಲ್ ಫೈಬರ್ ಕೇಬಲ್. ಕೊನೆಗೂ ಲಕ್ಷದ್ವೀಪಕ್ಕೆ ಒಂದು ತಂತಿ ಬಂತು. ಆದರೆ ಅದು ತರುವುದು ಇಂಟರ್ನೆಟ್ಟು, ಕರೆಂಟಲ್ಲ. ಎರಡು, ಕಡಮತ್ ದ್ವೀಪದಲ್ಲಿ ದಿನಕ್ಕೆ ಒಂದೂವರೆ ಲಕ್ಷ ಲೀಟರ್ ಕಡಲ ನೀರನ್ನು ಸಿಹಿಯಾಗಿಸುವ ಘಟಕ. ಹಿಂದೊಮ್ಮೆ ಮಂಗಳೂರಿಗೆ ಹುರಿ ಕಳಿಸುತ್ತಿದ್ದ ಕಡಮತ್ ಅದು. ಅದರ ಪಂಪುಗಳಿಗೆ ಕರೆಂಟು ಬೇಕು. ಮೂರು, ಕವರತ್ತಿಯ 1.7 ಮೆಗಾವ್ಯಾಟಿನ ಸೌರ ಸ್ಥಾವರ, ಜೊತೆಗೆ 1.4 ಮೆಗಾವ್ಯಾಟ್-ಗಂಟೆಯ ಲಿಥಿಯಂ ಬ್ಯಾಟರಿ. ಬ್ಯಾಟರಿಯ ಆಸರೆಯಿರುವ ಇಂಥ ಸ್ಥಾವರ ಲಕ್ಷದ್ವೀಪದಲ್ಲಿ ಇದೇ ಮೊದಲು.

ಅಂಕಿಗಳನ್ನು ತುಸು ಬಿಡಿಸಿದರೆ ಅದರ ಉದ್ದೇಶ ತಿಳಿಯುತ್ತದೆ. ಫಲಕಗಳು ಪೂರ್ಣ ಶಕ್ತಿಯಲ್ಲಿ ಕೊಡುವ ವಿದ್ಯುತ್ತನ್ನು ಆ ಬ್ಯಾಟರಿ ಒಂದು ಗಂಟೆಯೂ ಹಿಡಿದಿಡಲಾರದು. ಅದು ಮೋಡಕ್ಕೆಂದು ಇಟ್ಟ ಬ್ಯಾಟರಿ, ರಾತ್ರಿಗೆಂದು ಅಲ್ಲ. ಮೋಡದ ಭಯಕ್ಕೆ ಓಡಿಸುತ್ತಿದ್ದ ಹೆಚ್ಚುವರಿ ಜನರೇಟರನ್ನು ಹಗಲು ಆರಿಸಲು ಅದು ನೆರವಾಗುತ್ತದೆ. ಸೂರ್ಯ ಮುಳುಗಿದ ಮೇಲೆ ಕವರತ್ತಿಯನ್ನು ನಡೆಸುವವು ಹಳೆಯ ಡೀಸೆಲ್ ಯಂತ್ರಗಳೇ.

ಇದು ಸಣ್ಣ ಹೆಜ್ಜೆ. ಆದರೆ ಸಾಗರದ್ವೀಪಕ್ಕೂ ಧರ್ನಾಯಿಗೂ ಸಿಗದ ಎರಡು ಅನುಕೂಲ ಇದಕ್ಕಿದೆ. ಇಲ್ಲಿ ಬಿಸಿಲಿನ ಕರೆಂಟಿಗೆ ಬೇರೆ ಲೈನಿಲ್ಲ, ಬೇರೆ ದರವಿಲ್ಲ, ಆರು ಗಂಟೆಯ ಗಡುವಿಲ್ಲ. ಡೀಸೆಲ್ಲಿನದೂ ಬಿಸಿಲಿನದೂ ಒಂದೇ ತಂತಿಯಲ್ಲಿ ಬೆರೆತು ಬರುವುದರಿಂದ ಅಸಲಿ ಯಾವುದು ನಕಲಿ ಯಾವುದು ಎಂಬ ಜಗಳಕ್ಕೆ ಎಡೆಯಿಲ್ಲ. ಎರಡನೆಯದಾಗಿ, ಕೈಬಿಟ್ಟು ಹೋಗಲು ಇನ್ನೊಂದು ದಾರಿಯಿಲ್ಲ. ಕವರತ್ತಿಯವರು ಯಾವ ತಂತಿಗೂ ಕಾಯುತ್ತಿಲ್ಲ.

ಪರೀಕ್ಷೆ ಬರುವುದು ಹತ್ತು ಹನ್ನೆರಡು ವರ್ಷಗಳಾಚೆ, ಈ ಬ್ಯಾಟರಿ ಸೊರಗಿದಾಗ. ಉದ್ಘಾಟನೆಯ ಫಲಕ ಅಷ್ಟು ಹೊತ್ತಿಗೆ ಉಪ್ಪುಗಾಳಿಗೆ ಮಾಸಿರುತ್ತದೆ. ಆಗ ಹೊಸ ಬ್ಯಾಟರಿಗೆ ಹಣ ಇಡುತ್ತಾರೋ, ಅಥವಾ ಮುಂಗಾರಿಗೆ ಮೊದಲು ಇನ್ನಷ್ಟು ಬ್ಯಾರೆಲ್ ತರಿಸುತ್ತಾರೋ ಎಂಬುದು ತೀರ್ಮಾನವಾಗುವುದು ಯಾವ ಸಮಾರಂಭವೂ ಇಲ್ಲದ ಒಂದು ದಿನ, ಯಾವುದೋ ಕಚೇರಿಯ ಬಜೆಟ್ಟಿನ ಒಂದು ಸಾಲಿನಲ್ಲಿ. ಕಮಲಪುರದಲ್ಲಿ ಬರೆಯದೆ ಬಿಟ್ಟದ್ದು ಆ ಒಂದು ಸಾಲನ್ನು.